ಜೀವಕಣದ ಮದ್ದೂ ಪರದೇಶದ ಯಂತ್ರವೂ

ರಕ್ತದ ಅರ್ಬುದರೋಗದಲ್ಲಿ ಬೇರೆ ಚಿಕಿತ್ಸೆಗಳೆಲ್ಲ ಸೋತ ಮೇಲೆ, ರೋಗಿಯ ರಕ್ತದಲ್ಲಿರುವ ರಕ್ಷಕ ಕಣಗಳನ್ನೇ ಹೊರತೆಗೆದು, ಅವಕ್ಕೆ ಶತ್ರುವನ್ನು ಗುರುತಿಸುವ ಹೊಸ ಶಕ್ತಿಯನ್ನಿತ್ತು, ಮರಳಿ ಅವನ ದೇಹಕ್ಕೇ ಸೇರಿಸುವ ‘ಕಾರ್-ಟಿ’ ಚಿಕಿತ್ಸೆಯ ವಿಷಯವನ್ನು ವಾಚಕರು ಕೇಳಿಯೇ ಇರುವರು. 2017ರಲ್ಲಿ ಅಮೇರಿಕದ ಸರ್ಕಾರವು ಇಂಥ ಮೊದಲ ಮದ್ದಿಗೆ ಸಮ್ಮತಿಯಿತ್ತಾಗ ಅದರ ಬೆಲೆಯು 4,75,000 ಡಾಲರು! ಇದಕ್ಕೆ ವ್ಯಾಪಾರಿಯ ಲಾಭದಾಸೆಯೊಂದೇ ಕಾರಣವೆಂದರೆ ಅರ್ಧಸತ್ಯವನ್ನು ನುಡಿದಂತಾಗುವುದು.

ಈ ಮದ್ದನ್ನು ಗುಳಿಗೆಗಳಂತೆ ರಾಶಿಯಾಗಿ ಮಾಡಿಡಲಾಗದು. ಒಬ್ಬ ರೋಗಿಗೆ ಒಂದು ಪಾಕ. ಅದು ಇನ್ನೊಬ್ಬನಿಗೆ ಸಲ್ಲದು. ಕಣಗಳನ್ನು ಬೇರ್ಪಡಿಸಬೇಕು, ತೊಳೆಯಬೇಕು, ಎಚ್ಚರಿಸಬೇಕು, ರೋಗಕಾರಕ ಶಕ್ತಿಯನ್ನು ಕಳೆದ ವೈರಾಣುವಿನ ಮೂಲಕ ಹೊಸ ವಂಶವಾಹಿಯನ್ನು ಅವುಗಳೊಳಗೆ ಹೊಗಿಸಬೇಕು, ದಿನಗಟ್ಟಲೆ ಪೋಷಿಸಿ ಕೋಟಿಗಟ್ಟಲೆಯಾಗಿ ಬೆಳೆಸಬೇಕು. ಕೈಯಿಂದ ಮಾಡುವಾಗ ಪಾತ್ರೆಯನ್ನು ತೆರೆದಾಗಲೆಲ್ಲ ಸೂಕ್ಷ್ಮಾಣುಗಳು ಒಳಸೇರುವ ಭಯವುಂಟು. ಆದುದರಿಂದಲೇ ಅತಿಶುದ್ಧ ಕೊಠಡಿಗಳು, ನುರಿತ ಕೆಲಸಗಾರರು, ಅಪಾರ ವೆಚ್ಚ. ಕೆಟ್ಟ ಪಾಕವನ್ನು ಚೆಲ್ಲಿ ಮತ್ತೊಮ್ಮೆ ಮಾಡೋಣವೆಂದರೆ, ರೋಗಿಗೆ ಅಷ್ಟು ಆಯುಸ್ಸು ಉಳಿದಿರುವುದೇ?

ಜರ್ಮನಿಯ ಮಿಲ್ಟೆನಿ ಸಂಸ್ಥೆಯ ‘ಪ್ರಾಡಿಜಿ’ ಎಂಬ ಯಂತ್ರವು ಈ ಕ್ರಿಯೆಗಳನ್ನೆಲ್ಲ ಮುಚ್ಚಿದ ಕೊಳವೆಗಳ ಜಾಲವೊಂದರೊಳಗೇ ನಡೆಸುತ್ತದೆ. ಕಾಂತಶಕ್ತಿಯ ಸೂಕ್ಷ್ಮ ಮಣಿಗಳಿಂದ ಬೇಕಾದ ಕಣಗಳನ್ನು ಆರಿಸುತ್ತದೆ. ಕಾವನ್ನು ಕಾಯ್ದು ವೇಳೆಗೆ ಆಹಾರವನ್ನೂಡಿಸುತ್ತದೆ. ಬಾರ್ಸಿಲೋನದ ಹಾಸ್ಪಿಟಲ್ ಕ್ಲಿನಿಕ್ ಎಂಬ ಆಸ್ಪತ್ರೆಯು ಇದರಲ್ಲೇ ತನ್ನ ಮದ್ದನ್ನು ಸಿದ್ಧಪಡಿಸಿ 2021ರಲ್ಲಿ ಸ್ಪೇನ್ ಸರ್ಕಾರದ ಅನುಮತಿಯನ್ನು ಪಡೆಯಿತು. ಔಷಧದ ದೊಡ್ಡ ಕಂಪೆನಿಯ ಹಂಗಿಲ್ಲದೆ ಆಸ್ಪತ್ರೆಯೊಂದು ಸಾಧಿಸಿದ ಕಾರ್ಯವಿದು. ಆ ವಿದ್ಯೆಯನ್ನೇ ಪಡೆದು ನಮ್ಮ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯು 2025ರ ಜನವರಿಯಲ್ಲಿ ‘ಕಾರ್ಟೆಮಿ’ಯನ್ನು ಹೊರತಂದಿತು. ಅದಕ್ಕೂ ಮುಂಚೆ, 2023ರಲ್ಲಿ, ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಪರಿಶ್ರಮದ ‘ನೆಕ್ಸ್‌ಕಾರ್19’ಕ್ಕೆ ಸಮ್ಮತಿ ದೊರೆತಿತ್ತು. ಅದರ ಬೆಲೆಯು ಅಮೇರಿಕದ ಬೆಲೆಯ ಹತ್ತರಲ್ಲೊಂದು ಪಾಲಿನ ಆಸುಪಾಸಿನದು. ಆದರೂ ಗುಮಾಸ್ತನ ಮನೆಗೆ ಎಟುಕುವಂಥದಲ್ಲ.

ಯಂತ್ರಕ್ಕೂ ಮಿತಿಯುಂಟು. ತೀವ್ರೌಷಧಗಳಿಂದ ಬಳಲಿದ ಕಣಗಳಿಗೆ ಅದು ತ್ರಾಣವನ್ನು ತುಂಬಲಾರದು. ಅಲ್ಲಿ ಬೇಕಾದುದು ಅನುಭವಿಯ ಕಣ್ಣು. ಮೇಲಾಗಿ, ಒಬ್ಬ ರೋಗಿಯ ಪಾಕವು ಮುಗಿಯುವವರೆಗೆ ಆ ಯಂತ್ರವು ಬೇರೊಬ್ಬನಿಗೆ ಒದಗದು. ಏಕಕಾಲಕ್ಕೆ 16 ಪಾಕಗಳನ್ನು ನಡೆಸುವ ಯಂತ್ರವನ್ನು ಕ್ಯಾಲಿಫೋರ್ನಿಯದ ಸೆಲ್ಲಾರಿಸ್ ಸಂಸ್ಥೆಯು ನಿರ್ಮಿಸಿದೆಯಷ್ಟೆ.

ನಮ್ಮ ಚಿಂತೆ ಬೇರೆ. ಕೊಳವೆಯ ಜಾಲವು ಒಂದು ಪಾಕಕ್ಕೆ ಒಮ್ಮೆ ಮಾತ್ರ ಸಲ್ಲುವುದು. ಯಂತ್ರವನ್ನು ಮಾರಿದವನೇ ಅದನ್ನೂ ಮಾರುವನು. ಮದ್ದು ಸ್ವದೇಶಿಯಾಗಿಯೂ ಪ್ರತಿಯೊಬ್ಬ ರೋಗಿಗೂ ಪರದೇಶಕ್ಕೆ ಹಣ ಸಲ್ಲಿಸಬೇಕಾದರೆ ಬೆಲೆಯಿಳಿಯುವುದೆಂತು? ವಿಮಾನವನ್ನೂ ಉಪಗ್ರಹವನ್ನೂ ನಿರ್ಮಿಸಿದ ಬೆಂಗಳೂರಿಗೆ ಇದು ಅಸಾಧ್ಯವೆಂದು ನಾವು ನಂಬಲಾರೆವು. ಜೀವತಂತ್ರಜ್ಞಾನಕ್ಕಾಗಿ ಸರ್ಕಾರಗಳು ನೀಡುವ ಧನದಲ್ಲಿ ಒಂದು ಪಾಲನ್ನು ಈ ಕೊಳವೆ, ಈ ಮಣಿ, ಈ ಯಂತ್ರಗಳ ನಿರ್ಮಾಣಕ್ಕೇ ಮೀಸಲಿಡಬೇಕೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.