ರಣರಂಗದ ವಾರ್ತಾಹರರು

ಯುದ್ಧವಾರ್ತೆಯೆಂದೊಡನೆ ನಮ್ಮವರಿಗೆ ನೆನಪಾಗುವವನು ಸಂಜಯ. ಅವನು ಅರಮನೆಯಲ್ಲಿ ಕುಳಿತೇ ದಿವ್ಯದೃಷ್ಟಿಯಿಂದ ಸಮಸ್ತವನ್ನೂ ಕಂಡನೆಂಬ ಭಾವನೆ ಜನರಲ್ಲಿ ರೂಢವಾಗಿದೆ. ವ್ಯಾಸಭಾರತದಲ್ಲಾದರೋ ಅವನು ರಣಭೂಮಿಯಿಂದಲೇ ಬಂದು ಭೀಷ್ಮರು ಬಿದ್ದ ಸುದ್ದಿಯನ್ನರುಹುತ್ತಾನೆ. ಕಡೆಯ ದಿನ ಸಾತ್ಯಕಿಯ ಕೈಗೆ ಸಿಕ್ಕಿ, ವ್ಯಾಸರ ಕೃಪೆಯಿಂದ ಪ್ರಾಣ ಉಳಿಸಿಕೊಳ್ಳುತ್ತಾನೆ. ಯುದ್ಧರಂಗದ ವರದಿಗಾರರಿಗೆ ಈ ಎರಡನೆಯ ಸಂಜಯನೇ ಸಮೀಪಬಂಧು.

ಈ ವೃತ್ತಿಗೆ ರೂಪವಿತ್ತವರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವಿಲಿಯಂ ಹೋವರ್ಡ್ ರಸೆಲ್ ಪ್ರಮುಖನು. 1854ರಲ್ಲಿ ರಷ್ಯದೊಡನೆ ನಡೆದ ಕ್ರಿಮಿಯಾ ಯುದ್ಧಕ್ಕೆ ಆತನು ಬ್ರಿಟಿಷ್ ಸೈನ್ಯದ ಬೆನ್ನುಹತ್ತಿ ಹೋದಾಗ, ಸೇನಾಪತಿ ರಾಗ್ಲನ್ ಆತನನ್ನು ಆದರಿಸಲಿಲ್ಲ. ಹೊಗೆ, ಧೂಳು, ಗೊಂದಲಗಳ ನಡುವೆ ಒಬ್ಬನ ಕಣ್ಣಿಗೆ ಇಡಿಯ ಕಾಳಗ ಗೋಚರಿಸುವುದುಂಟೆ? ಆದಕಾರಣ ರಸೆಲ್ಲನು ಕಾದಿ ಬಂದವರನ್ನೆಲ್ಲ ವಿಚಾರಿಸಿ, ಒಬ್ಬನ ಮಾತನ್ನು ಮತ್ತೊಬ್ಬನ ಮಾತಿಗೆ ಒರೆಹಚ್ಚಿ ಬರೆಯುತ್ತಿದ್ದನು. ಅಕ್ಟೋಬರ್ 25ರಂದು ಬಾಲಕ್ಲಾವಾದಲ್ಲಿ ಮಾತ್ರ ಎತ್ತರದ ದಿಣ್ಣೆಯಿಂದ ಸ್ವತಃ ನೋಡುವ ಅವಕಾಶ ದೊರೆಯಿತು. ಆಜ್ಞೆಯೊಂದನ್ನು ತಪ್ಪಾಗಿ ಗ್ರಹಿಸಿದುದರಿಂದ 600ಕ್ಕೂ ಮಿಕ್ಕ ರಾವುತರು ಫಿರಂಗಿಗಳ ಬಾಯಿಗೇ ನುಗ್ಗಿದ ಆ ವೃತ್ತಾಂತ ನವೆಂಬರ್ 14ರಂದು ಅಚ್ಚಾಯಿತು.

ಅದಕ್ಕಿಂತಲೂ ಬೆಲೆಯುಳ್ಳವು ಚಳಿಗಾಲದ ವರದಿಗಳು. ಕೆಸರು, ಹರಕು ಉಡುಪು, ಕಾಲರಾ. ಗುಂಡಿಗಿಂತ ರೋಗಕ್ಕೆ ಬಲಿಯಾದವರೇ ಅಧಿಕ. ಅದೇ ಪತ್ರಿಕೆಯ ಥಾಮಸ್ ಚೆನರಿ ಇಸ್ತಾಂಬುಲಿನಿಂದ ಬರೆದ ಆಸ್ಪತ್ರೆಯ ದುರವಸ್ಥೆಯನ್ನೋದಿ ಇಂಗ್ಲೆಂಡ್ ಕಳವಳಗೊಂಡಿತು. ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಡನೆ ಅಲ್ಲಿಗೆ ತೆರಳಿದಳು. 1855ರ ಜನವರಿಯಲ್ಲಿ ಅಬರ್ಡೀನನ ಮಂತ್ರಿಮಂಡಲವೇ ಉರುಳಿತು.

ರಾಗ್ಲನ್ನನ ಆಕ್ಷೇಪವೂ ಬರಿಯ ಮುನಿಸಲ್ಲ. ಲಂಡನ್ನಿನಲ್ಲಿ ಅಚ್ಚಾದ ಸುದ್ದಿ ರಷ್ಯವನ್ನೂ ಮುಟ್ಟುತ್ತಿತ್ತು. ತನ್ನವರಿಗೆ ಹೇಳಿದುದೆಲ್ಲ ಹಗೆಗೂ ಹೇಳಿದಂತೆಯೇ. ಫಿರಂಗಿಗಳ ನೆಲೆಯನ್ನು ಬಯಲುಮಾಡುವುದು ನಿಶ್ಚಯವಾಗಿಯೂ ಅನುಚಿತ. ಆದರೆ ಯೋಧನಿಗೆ ಹೊದಿಕೆಯಿಲ್ಲವೆಂಬುದನ್ನು ಮುಚ್ಚಿಟ್ಟರೆ ಉಳಿಯುವುದು ಅಧಿಕಾರಿಯ ಮಾನವೇ ಹೊರತು ಯೋಧನ ಪ್ರಾಣವಲ್ಲ. ಇವೆರಡರ ನಡುವಣ ಗೆರೆಯನ್ನು ಎಳೆಯುವವರಾರು? 1856ರ ಫೆಬ್ರವರಿಯಲ್ಲಿ ಸೇನಾಪತಿ ಕಾಡ್ರಿಂಗ್ಟನ್, ವೈರಿಗೆ ಉಪಯುಕ್ತವಾದುದನ್ನು ಪ್ರಕಟಿಸಿದವರನ್ನು ರಣರಂಗದಿಂದ ಹೊರಗಟ್ಟುವ ಆಜ್ಞೆ ಹೊರಡಿಸಿದನು. ಯುದ್ಧ ಮುಗಿಯುತ್ತ ಬಂದಿದ್ದಿತು. ಆಜ್ಞೆಯ ಪದ್ಧತಿ ಮಾತ್ರ ಮುಂದಿನ ಯುದ್ಧಗಳಿಗೂ ನಡೆದು ಬಂದಿತು.

ರಸೆಲ್ಲನು 1858ರಲ್ಲಿ ಭಾರತಕ್ಕೂ ಬಂದನು. ಲಖನೌ ಪಟ್ಟಣವು ಬ್ರಿಟಿಷರ ವಶವಾದಾಗ ಕೈಸರ್‌ಬಾಗ್ ಅರಮನೆಯನ್ನು ತನ್ನ ನಾಡಿನ ಸೈನಿಕರೇ ಸೂರೆಗೈದುದನ್ನು ಕಣ್ಣಾರೆ ಕಂಡು, ಅದನ್ನೂ ಬರೆದನು.