ನಿಮ್ಮ ಫೋನಿನ ಕರ್ನಲ್ ಕೋಡ್ ಕೇಳಿ ಪಡೆಯೋದು ಹೇಗೆ? ಪಡೆದು ಏನು ಮಾಡೋದು?

ಬಸ್ಸಲ್ಲಿ ಇಯರ್‌ಫೋನ್ ಮರೆತು ಬಂದವರಿಗಾಗಿ ಇದು ಈ ವಾರದ ಎಪಿಸೋಡ್‌ನ ಬರಹ ರೂಪ.

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಆಂಡ್ರಾಯ್ಡ್ ಫೋನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, 'ಅಬೌಟ್ ಫೋನ್' ಒತ್ತಿ, ಅದರೊಳಗೆ 'ಆಂಡ್ರಾಯ್ಡ್ ವರ್ಷನ್' ನೋಡಿ. ಅಲ್ಲಿ 'ಕರ್ನಲ್ ವರ್ಷನ್' ಅಂತ ಒಂದು ಸಾಲು ಸಿಗುತ್ತೆ. 4.19 ಅಂತಲೋ, 5.10 ಅಂತಲೋ, 6.1 ಅಂತಲೋ ಶುರುವಾಗುತ್ತೆ. ಎಷ್ಟೋ ಫೋನ್‌ಗಳಲ್ಲಿ ಪಕ್ಕದಲ್ಲೇ ಒಂದು ತಾರೀಖೂ ಇರುತ್ತೆ. ಅದು ಆ ಕರ್ನಲ್ ಅನ್ನು ಕಂಪೈಲ್ ಮಾಡಿದ ದಿನ.

ಆ ಒಂದು ಸಾಲಿನ ಹಿಂದೆ ಕೋಟಿಗಟ್ಟಲೆ ಸಾಲು ಕೋಡ್ ಇದೆ. ಆ ಕೋಡ್ ನಮಗೂ ಕೊಡಿ ಅಂತ ಫೋನ್ ಕಂಪನಿಯನ್ನು ನೀವು ಕೇಳಬಹುದು. ಕೊಡೋದು ಅವರ ದೊಡ್ಡತನ ಏನಲ್ಲ, ಅದು ಲೈಸೆನ್ಸ್‌ನ ಷರತ್ತು. ಇವತ್ತಿನ ವಿಷಯ ಇದೇ. ನಿಮ್ಮ ಫೋನಿಗೆ ಅಪ್‌ಡೇಟ್ ನಿಂತ ಮೇಲೆ ಅದು ಬದುಕುತ್ತಾ, ಡ್ರಾಯರ್ ಸೇರುತ್ತಾ ಅನ್ನೋದು ಬಹುಮಟ್ಟಿಗೆ ಈ ಕೋಡ್ ಸಿಗುತ್ತಾ ಇಲ್ವಾ ಅನ್ನೋದರ ಮೇಲೆ ನಿಂತಿದೆ.

ಕರ್ನಲ್ ಅಂದ್ರೆ ಏನು?

ನಾನು ಓದಿದ್ದು ಬಿ.ಕಾಂ. ಹಾಗಾಗಿ ಬ್ಯಾಂಕ್ ಉದಾಹರಣೆನೇ ಕೊಡ್ತೀನಿ. ಬ್ಯಾಂಕಿಗೆ ಹೋದರೆ ನೀವೇ ನೇರವಾಗಿ ಸ್ಟ್ರಾಂಗ್‌ರೂಮಿಗೆ ನುಗ್ಗಿ ದುಡ್ಡು ತಗೊಳ್ಳೋ ಹಾಗಿಲ್ಲ. ಚಲನ್ ತುಂಬಿ ಕೌಂಟರ್‌ನಲ್ಲಿ ಕೊಡ್ತೀರಿ. ಒಳಗಿನವರು ನಿಮ್ಮ ಅಕೌಂಟ್ ನೋಡಿ, ಸಹಿ ನೋಡಿ, ಆಮೇಲೆ ದುಡ್ಡು ಕೊಡ್ತಾರೆ.

ಫೋನಲ್ಲಿ ಆಪ್‌ಗಳು ಗ್ರಾಹಕರು, ಕರ್ನಲ್ ಕೌಂಟರ್‌ನ ಒಳಗಿನ ಸಿಬ್ಬಂದಿ. ಕ್ಯಾಮೆರಾ ಬೇಕು, ಮೆಮೊರಿ ಬೇಕು, ಫೈಲ್ ಓದಬೇಕು ಅಂದ್ರೆ ಆಪ್ ಕರ್ನಲ್ ಅನ್ನು ಕೇಳಲೇಬೇಕು. ಆ ಚಲನ್‌ಗೆ ಸಿಸ್ಟಂ ಕಾಲ್ ಅಂತ ಹೆಸರು. ಸಿಬ್ಬಂದಿಯೇ ಮೋಸಹೋದರೆ ಸ್ಟ್ರಾಂಗ್‌ರೂಮ್ ತೆರೆದ ಹಾಗೆ.

ಹಾಗೆ ಆಗಿದ್ದೂ ಉಂಟು. 2016ರ ಅಕ್ಟೋಬರ್‌ನಲ್ಲಿ 'ಡರ್ಟಿ ಕೌ' ಅನ್ನೋ ದೋಷ ಬಯಲಾಯ್ತು. ಅದು 2007ರಿಂದಲೇ ಲಿನಕ್ಸ್ ಕರ್ನಲ್‌ನಲ್ಲಿ ಇತ್ತು. ಸಾಧಾರಣ ಅನುಮತಿ ಇರೋ ಪ್ರೋಗ್ರಾಂ ಕೂಡ ಇದನ್ನು ಬಳಸಿಕೊಂಡು ಇಡೀ ಸಿಸ್ಟಂನ ಯಜಮಾನ ಆಗಬಹುದಿತ್ತು. ಲಿನಕ್ಸ್‌ನವರು ಕೂಡಲೇ ಸರಿಪಡಿಸಿದರು. ಆದರೆ ಕಂಪನಿ ಅಪ್‌ಡೇಟ್ ನಿಲ್ಲಿಸಿದ್ದ ಫೋನ್‌ಗಳಿಗೆ ಆ ರಿಪೇರಿ ತಾನಾಗಿ ಬರೋ ದಾರಿ ಇರಲಿಲ್ಲ. ಕೋಡ್ ಕೈಯಲ್ಲಿದ್ದರೆ ಮಾತ್ರ ಬೇರೆ ಯಾರಾದರೂ ತಿದ್ದಿ, ಮತ್ತೆ ಕಂಪೈಲ್ ಮಾಡಿ ಕೊಡಬಹುದು.

ಸೋರ್ಸ್ ಬೇರೆ, ಬೈನರಿ ಬೇರೆ

ಫೋನಲ್ಲಿ ಇರೋದು ಬೈನರಿ, ಅಂದ್ರೆ ಪ್ರೊಸೆಸರ್‌ಗೆ ಮಾತ್ರ ಅರ್ಥವಾಗೋ ರೂಪ. ಮನುಷ್ಯರು ಬರೆದದ್ದು ಸೋರ್ಸ್ ಕೋಡ್. ಲಿನಕ್ಸ್ ಕರ್ನಲ್‌ನ ಬಹುಪಾಲು ಸೋರ್ಸ್ 'ಸಿ' ಭಾಷೆಯಲ್ಲಿದೆ. ಬೈನರಿ ಒಂಥರಾ ಬ್ಯಾಲೆನ್ಸ್ ಶೀಟ್, ಸೋರ್ಸ್ ಅದರ ಹಿಂದಿನ ವೋಚರ್, ಬಿಲ್ಲು, ಲೆಡ್ಜರ್. ಬರೀ ಬ್ಯಾಲೆನ್ಸ್ ಶೀಟ್ ಹಿಡ್ಕೊಂಡು ಯಾವ ಆಡಿಟರೂ ಲೆಕ್ಕ ತಿದ್ದೋಕಾಗಲ್ಲ. ವೋಚರ್ ಬೇಕೇ ಬೇಕು. ಸೋರ್ಸ್‌ನಿಂದ ಬೈನರಿ ತಯಾರಿಸೋದನ್ನೇ ಕಂಪೈಲ್ ಅಂತೀವಿ.

ಕೇಳೋ ಹಕ್ಕು ಎಲ್ಲಿಂದ ಬಂತು?

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಈ ಕರ್ನಲ್ ಬರೆಯೋಕೆ ಶುರು ಮಾಡಿದ್ರು. ಮೊದಲ ಆವೃತ್ತಿ ಸುಮಾರು 10,000 ಸಾಲು. ಆಗಿನ ಲೈಸೆನ್ಸ್ ಪ್ರಕಾರ ಅದನ್ನು ದುಡ್ಡಿಗೆ ಹಂಚೋ ಹಾಗಿರಲಿಲ್ಲ. 1992ರಲ್ಲಿ ಲಿನಸ್ ಅದನ್ನು ಜಿಪಿಎಲ್ ಅನ್ನೋ ಲೈಸೆನ್ಸ್‌ಗೆ ಬದಲಾಯಿಸಿದರು. ಇವತ್ತಿಗೂ ಕರ್ನಲ್ ಇರೋದು ಜಿಪಿಎಲ್ 2ನೇ ಆವೃತ್ತಿಯಲ್ಲೇ.

ಇದರ ತಿರುಳು ಸರಳ. ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಮಾರಿ. ಆದರೆ ಬೈನರಿಯನ್ನು ಬೇರೆಯವರಿಗೆ ಕೊಟ್ಟರೆ ಅದರ ಸೋರ್ಸ್ ಕೂಡ ಕೊಡಬೇಕು. 3ನೇ ಕಲಂ ಪ್ರಕಾರ ಒಂದೋ ಸೋರ್ಸ್ ಅನ್ನು ಜೊತೆಗೇ ಕೊಡಬೇಕು. ಇಲ್ಲವೇ, ಕೇಳಿದ ಯಾರಿಗೇ ಆದರೂ ಕೊಡ್ತೀವಿ ಅಂತ ಕನಿಷ್ಠ 3 ವರ್ಷ ಚಾಲ್ತಿಯಲ್ಲಿರೋ ಲಿಖಿತ ಭರವಸೆ ಕೊಡಬೇಕು. ಕಳಿಸೋ ಖರ್ಚಿಗಿಂತ ಹೆಚ್ಚು ದುಡ್ಡು ಕೇಳೋ ಹಾಗಿಲ್ಲ. ಬರೀ ಕೋಡ್ ಸಾಲದು, ಕಂಪೈಲ್ ಮತ್ತು ಇನ್‌ಸ್ಟಾಲ್ ಮಾಡೋ ಸ್ಕ್ರಿಪ್ಟ್‌ಗಳೂ ಅದರಲ್ಲಿ ಸೇರಬೇಕು.

ಫೋನಿನ 'ಲೀಗಲ್ ಇನ್ಫರ್ಮೇಷನ್' ಪುಟವನ್ನು ನಾವು ಯಾರೂ ಓದಲ್ಲ ಅಲ್ವಾ? ಈ ಲೈಸೆನ್ಸ್‌ಗಳ ಪಠ್ಯ ಸಾಮಾನ್ಯವಾಗಿ ಇರೋದು ಅಲ್ಲೇ.

ಇದು ಬರೀ ಕಾಗದದ ಮಾತಾ? ಅಲ್ಲ. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಒಂದು ವೈಫೈ ರೂಟರ್ ಒಳಗೆ ಲಿನಕ್ಸ್ ಇದೆ ಅಂತ ಬಳಕೆದಾರರು ಪತ್ತೆ ಮಾಡಿದರು. ಒತ್ತಾಯ ಮಾಡಿದರು, ಕಂಪನಿ ಸೋರ್ಸ್ ಬಿಡುಗಡೆ ಮಾಡಿತು. ಅದರ ಮೇಲೆ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಯೋಜನೆ ಹುಟ್ಟಿತು. ಇವತ್ತು ಅದು ನೂರಾರು ಬಗೆಯ ರೂಟರ್‌ಗಳಲ್ಲಿ ಓಡುತ್ತೆ. ಅದೇ 2004ರಲ್ಲಿ ಜರ್ಮನಿಯ ಮ್ಯೂನಿಕ್ ಕೋರ್ಟ್‌ನಲ್ಲಿ ಕರ್ನಲ್ ಡೆವಲಪರ್ ಹರಾಲ್ಡ್ ವೆಲ್ಟೆ, ಜಿಪಿಎಲ್ ಪಾಲಿಸದ ಸೈಟ್‌ಕಾಮ್ ಕಂಪನಿ ವಿರುದ್ಧ ತಡೆಯಾಜ್ಞೆ ತಂದರು.

ನಮ್ಮಲ್ಲೂ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯ ಸಾಲಿಗೇ ಸೇರಿಸುತ್ತೆ. ಆದರೆ ಒಂದು ವಿಷಯ ನೆನಪಿಡಿ. ಸಾಮಾನ್ಯವಾಗಿ ಇಂಥ ಕೇಸ್ ಹಾಕೋದು ಕೋಡ್ ಬರೆದವರು, ಫೋನ್ ಕೊಂಡವರಲ್ಲ. ಕೊಂಡವರಿಗೂ ಆ ಹಕ್ಕಿದೆ ಅನ್ನೋ ವಾದ ಇಟ್ಟುಕೊಂಡೇ 2021ರಲ್ಲಿ ಅಮೆರಿಕದಲ್ಲಿ ವಿಜಿಯೋ ಟಿವಿ ಕಂಪನಿ ವಿರುದ್ಧ ಒಂದು ಮೊಕದ್ದಮೆ ಹೂಡಲಾಯಿತು.

ಮೊದಲು ಲ್ಯಾಪ್‌ಟಾಪ್‌ನಲ್ಲಿ ಅಭ್ಯಾಸ

ಫೋನಿಗೆ ಕೈ ಹಾಕೋ ಮೊದಲು ಲ್ಯಾಪ್‌ಟಾಪ್‌ನಲ್ಲಿ ಒಂದು ಸಲ ಕಂಪೈಲ್ ಮಾಡಿ ನೋಡಿ. ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಉಬುಂಟು ಅಥವಾ ಡೆಬಿಯನ್ ಇನ್‌ಸ್ಟಾಲ್ ಮಾಡಿ. ಏನಾದರೂ ಕೆಟ್ಟರೂ ಆ ವರ್ಚುವಲ್ ಯಂತ್ರ ಅಳಿಸಿ ಹಾಕಿದರೆ ಆಯ್ತು. ಡಿಸ್ಕ್‌ನಲ್ಲಿ 30 ಜಿಬಿ ಜಾಗ ಇಟ್ಟುಕೊಳ್ಳಿ. ಇದು ಪಾಡ್‌ಕಾಸ್ಟ್ ಆದ್ದರಿಂದ ಕಮಾಂಡ್‌ಗಳನ್ನು ಬಾಯಲ್ಲಿ ಹೇಳೋ ಹಾಗೇ ಇಲ್ಲಿ ಕೊಟ್ಟಿದ್ದೀನಿ.

ಮೊದಲನೇದು, ಸಲಕರಣೆ. ಜಿಸಿಸಿ ಕಂಪೈಲರ್, ಮೇಕ್, ಫ್ಲೆಕ್ಸ್, ಬೈಸನ್, ಬಿಸಿ, ಜೊತೆಗೆ ಎಸ್‌ಎಸ್‌ಎಲ್, ಎಲ್ಫ್, ಎನ್‌ಕರ್ಸಸ್ ಲೈಬ್ರರಿಗಳ ಡೆವಲಪ್‌ಮೆಂಟ್ ಪ್ಯಾಕೇಜ್‌ಗಳು ಬೇಕು.

ಎರಡನೇದು, ಸೋರ್ಸ್. ಕರ್ನಲ್ ಡಾಟ್ ಆರ್ಗ್ ತಾಣದಲ್ಲಿ ಟಾರ್ ಫೈಲ್ ಸಿಗುತ್ತೆ. ಒಂದೂವರೆ ನೂರು ಎಂಬಿ ಆಸುಪಾಸು. ಪೂರ್ತಿ ಇತಿಹಾಸ ಬೇಕಿದ್ದರೆ ಗಿಟ್ ಮೂಲಕ ತಗೋಬಹುದು. ಗಿಟ್ ಅನ್ನೋ ಉಪಕರಣವನ್ನು ಲಿನಸ್ 2005ರಲ್ಲಿ ಬರೆದಿದ್ದೇ ಈ ಕರ್ನಲ್ ಕೆಲಸಕ್ಕೆ. ಆದರೆ ಅದಕ್ಕೆ ಡೇಟಾ ಬಹಳ ಬೇಕು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇರೋರಿಗೆ ಟಾರ್ ಫೈಲೇ ಸಾಕು. ಫೈಲ್ ಪಕ್ಕದಲ್ಲಿ ಡಿಜಿಟಲ್ ಸಹಿಯೂ ಇರುತ್ತೆ, ಅದನ್ನು ತಾಳೆ ನೋಡಿ. ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಮೂರನೇದು, ಕಾನ್ಫಿಗ್. ಕರ್ನಲ್‌ನಲ್ಲಿ ಸಾವಿರಾರು ಆಯ್ಕೆಗಳಿವೆ. ಹೆಚ್ಚಿನವಕ್ಕೆ ಉತ್ತರ ಮೂರೇ: ಹೌದು, ಇಲ್ಲ, ಮಾಡ್ಯೂಲ್. 'ಹೌದು' ಅಂದ್ರೆ ದಿನಾ ಅಡುಗೆಮನೆಯಲ್ಲೇ ಇರೋ ಪಾತ್ರೆ. 'ಮಾಡ್ಯೂಲ್' ಅಂದ್ರೆ ಅಟ್ಟದ ಮೇಲಿರೋ ಪಾತ್ರೆ, ಹಬ್ಬ ಬಂದಾಗ ಇಳಿಸ್ಕೊಂಡರೆ ಆಯ್ತು. ಒಂದೊಂದನ್ನೇ ಆರಿಸ್ತಾ ಕೂರಬೇಡಿ. 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಕೊಟ್ಟರೆ ಈಗ ನಿಮ್ಮ ಯಂತ್ರದಲ್ಲಿ ಓಡ್ತಿರೋ ಮಾಡ್ಯೂಲ್‌ಗಳನ್ನು ಮಾತ್ರ ಇಟ್ಟುಕೊಂಡು ಉಳಿದ ಮಾಡ್ಯೂಲ್‌ಗಳನ್ನು ಬಿಡುತ್ತೆ. ಕಂಪೈಲ್ ಸಮಯ ಬಹಳ ಇಳಿಯುತ್ತೆ. ಆಮೇಲೆ 'ಮೇಕ್ ಮೆನುಕಾನ್ಫಿಗ್' ಕೊಟ್ಟು 'ಲೋಕಲ್ ವರ್ಷನ್' ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ನಿಮ್ಮ ಹೆಸರು ಹಾಕಿ. ಯಾಕೆ ಅಂತ ಕೊನೇಲಿ ಗೊತ್ತಾಗುತ್ತೆ.

ಉಬುಂಟು ಬಳಸೋರಿಗೆ ಒಂದು ಮಾತು. ಅದರ ಕಾನ್ಫಿಗ್‌ನಲ್ಲಿ ಕ್ಯಾನಾನಿಕಲ್ ಕಂಪನಿಯ ಸರ್ಟಿಫಿಕೇಟ್ ಫೈಲಿನ ಹೆಸರು ಇರುತ್ತೆ. ಆ ಫೈಲ್ ನೀವು ಇಳಿಸಿಕೊಂಡ ಸೋರ್ಸ್‌ನಲ್ಲಿ ಇರಲ್ಲ, ಹಾಗಾಗಿ ಕಂಪೈಲ್ ನಡುವೆ ನಿಂತುಹೋಗುತ್ತೆ. 'ಟ್ರಸ್ಟೆಡ್ ಕೀಸ್' ಮತ್ತು 'ರಿವೊಕೇಶನ್ ಕೀಸ್' ಆಯ್ಕೆಗಳನ್ನು ಖಾಲಿ ಬಿಡಿ, ಮುಂದೆ ಹೋಗುತ್ತೆ.

ನಾಲ್ಕನೇದು, ಕಂಪೈಲ್. 'ಮೇಕ್' ಅಂತ ಕೊಟ್ಟು, ಪಕ್ಕದಲ್ಲಿ 'ಜೆ' ಆಯ್ಕೆಯೊಂದಿಗೆ ಪ್ರೊಸೆಸರ್‌ನಲ್ಲಿ ಎಷ್ಟು ಕೋರ್ ಇದೆಯೋ ಆ ಸಂಖ್ಯೆ ಹಾಕಿ. ಪರದೆ ಮೇಲೆ ಸಾಲುಗಳು ಓಡೋಕೆ ಶುರುವಾಗುತ್ತೆ. ಹಳೇ ಲ್ಯಾಪ್‌ಟಾಪ್ ಆದರೆ ಫ್ಯಾನ್ ಜೋರಾಗಿ ಸದ್ದು ಮಾಡುತ್ತೆ, ಗಾಬರಿ ಬೇಡ. ಊಟ ಮುಗಿಸಿ ಬನ್ನಿ.

ಐದನೇದು, ಅಡ್ಮಿನ್ ಅನುಮತಿಯಲ್ಲಿ 'ಮೇಕ್ ಮಾಡ್ಯೂಲ್ಸ್ ಇನ್‌ಸ್ಟಾಲ್', ಆಮೇಲೆ 'ಮೇಕ್ ಇನ್‌ಸ್ಟಾಲ್', ಆಮೇಲೆ ರೀಬೂಟ್. ಹಳೇ ಕರ್ನಲ್ ಎಲ್ಲೂ ಹೋಗಿರಲ್ಲ. ಹೊಸದು ಏಳದಿದ್ದರೆ ಬೂಟ್ ಮೆನುವಿನಲ್ಲಿ ಹಳೇದನ್ನು ಆರಿಸಬಹುದು. ಎದ್ದ ಮೇಲೆ 'ಯುನೇಮ್' ಕಮಾಂಡ್ ಅನ್ನು 'ಆರ್' ಆಯ್ಕೆ ಜೊತೆ ಕೊಡಿ. ಕರ್ನಲ್ ವರ್ಷನ್ ಪಕ್ಕದಲ್ಲಿ ನಿಮ್ಮ ಹೆಸರು ಬರುತ್ತೆ. ಕಂಪ್ಯೂಟರ್ ಸೈನ್ಸ್ ಓದದ ನನಗೆ ಆ ಸಾಲು ನೋಡಿದಾಗ ಆದ ಖುಷಿ ಬಿ.ಕಾಂ ರಿಸಲ್ಟ್ ಬಂದಾಗಲೂ ಆಗಿರಲಿಲ್ಲ.

ಫೋನಿನ ವಿಷಯಕ್ಕೆ ಬಂದರೆ

ಫೋನಲ್ಲಿ ಕಥೆ ಸ್ವಲ್ಪ ಬೇರೆ. ಕರ್ನಲ್ ಡಾಟ್ ಆರ್ಗ್‌ನ ಕೋಡ್ ಹಾಗೇ ತಂದು ಹಾಕಿದರೆ ಹೆಚ್ಚಿನ ಫೋನ್‌ಗಳು ಏಳೋದೇ ಇಲ್ಲ. ಚಿಪ್ ಕಂಪನಿ ಒಂದಿಷ್ಟು ಬದಲಾಯಿಸಿರುತ್ತೆ, ಫೋನ್ ಕಂಪನಿ ಇನ್ನೊಂದಿಷ್ಟು. ಹಾಗಾಗಿ ನಿಮಗೆ ಬೇಕಿರೋದು ನಿಮ್ಮ ಮಾಡೆಲ್‌ನ ಕೋಡ್. ಹಲವು ದೊಡ್ಡ ಕಂಪನಿಗಳು ಇದಕ್ಕೆ ಪ್ರತ್ಯೇಕ ಓಪನ್ ಸೋರ್ಸ್ ತಾಣ ಇಟ್ಟಿವೆ, ಮಾಡೆಲ್ ನಂಬರ್ ಹಾಕಿ ಹುಡುಕಬಹುದು.

ಅಲ್ಲಿ ಇಲ್ಲದಿದ್ದರೆ ಮೇಲ್ ಹಾಕಿ. ನಾನೂ ಒಂದು ಕಂಪನಿಗೆ ಹಾಕಿದ್ದೆ, ಹೆಸರು ಬೇಡ. ಮೊದಲ ಉತ್ತರ: 'ದಯವಿಟ್ಟು ನಿಮ್ಮ ಫೋನ್ ರೀಸ್ಟಾರ್ಟ್ ಮಾಡಿ.' ಎರಡನೇ ಮೇಲ್‌ನಲ್ಲಿ ಮಾಡೆಲ್ ನಂಬರ್, ಬಿಲ್ಡ್ ನಂಬರ್, ಕರ್ನಲ್ ವರ್ಷನ್ ಮೂರನ್ನೂ ಬರೆದು, ಜಿಪಿಎಲ್ 2ರ 3ನೇ ಕಲಂ ಪ್ರಕಾರ ಪೂರ್ಣ ಸೋರ್ಸ್ ಕೊಡಿ ಅಂತ ಕೇಳಿದೆ. ಮೂರು ವಾರ ಆದ ಮೇಲೆ ಲಿಂಕ್ ಬಂತು.

ಬಂದ ಕೂಡಲೇ ನಾಲ್ಕು ವಿಷಯ ನೋಡಿ. ಫೋನಲ್ಲಿರೋ ವರ್ಷನ್‌ಗೂ ಕೋಡ್‌ನ ವರ್ಷನ್‌ಗೂ ತಾಳೆ ಆಗುತ್ತಾ? ನಿಮ್ಮ ಮಾಡೆಲ್‌ನ ಕಾನ್ಫಿಗ್ ಇದೆಯಾ? ಹಾರ್ಡ್‌ವೇರ್ ವಿವರ ಇರೋ ಡಿವೈಸ್ ಟ್ರೀ ಫೈಲ್‌ಗಳು ಇವೆಯಾ? ಕಂಪೈಲ್ ಸ್ಕ್ರಿಪ್ಟ್ ಇದೆಯಾ? ಇಲ್ಲದಿದ್ದರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ಮತ್ತೆ ಕೇಳಿ. ಕಾನ್ಫಿಗ್ ಒಂದೇ ಇಲ್ಲ ಅಂದ್ರೆ ಇನ್ನೊಂದು ದಾರಿ ಇದೆ. ಎಷ್ಟೋ ಫೋನ್‌ಗಳಲ್ಲಿ ಕರ್ನಲ್ ತನ್ನ ಕಾನ್ಫಿಗ್ ಅನ್ನು ತನ್ನೊಳಗೇ ಇಟ್ಟುಕೊಂಡಿರುತ್ತೆ. ಕೇಬಲ್ ಹಾಕಿ, ಎಡಿಬಿ ಮೂಲಕ 'ಪ್ರಾಕ್' ಫೋಲ್ಡರ್‌ನ 'ಕಾನ್ಫಿಗ್ ಡಾಟ್ ಜಿಝೆಡ್' ಫೈಲನ್ನು ಹೊರಗೆ ತೆಗೆಯಬಹುದು.

ಆಂಡ್ರಾಯ್ಡ್ 12 ಮತ್ತು ಕರ್ನಲ್ 5.10ರೊಂದಿಗೆ ಮಾರುಕಟ್ಟೆಗೆ ಬಂದ ಫೋನ್‌ಗಳಿಂದ ಗೂಗಲ್ ಒಂದು ಬದಲಾವಣೆ ತಂದಿದೆ. ಕರ್ನಲ್‌ನ ಮುಖ್ಯ ಭಾಗ ಎಲ್ಲರಿಗೂ ಒಂದೇ, ಅದಕ್ಕೆ ಜಿಕೆಐ ಅಂತ ಹೆಸರು. ಕಂಪನಿಗಳ ಸ್ವಂತ ಬದಲಾವಣೆಗಳು ಬೇರೆ ಮಾಡ್ಯೂಲ್‌ಗಳಾಗಿ ಬರ್ತವೆ. ಮುಖ್ಯ ಭಾಗದ ಸೋರ್ಸ್ ಅನ್ನು ಗೂಗಲ್ ತಾಣದಿಂದ ನೇರವಾಗಿ ತಗೋಬಹುದು.

ಇನ್ನು ಹಕ್ಕಿನ ಮಿತಿ. ಮೋಡೆಮ್ ಫರ್ಮ್‌ವೇರ್, ಕ್ಯಾಮೆರಾ, ಗ್ರಾಫಿಕ್ಸ್‌ಗೆ ಸೇರಿದ ಎಷ್ಟೋ ಭಾಗಗಳು ಕರ್ನಲ್‌ನ ಹೊರಗಿವೆ, ಅವು ಜಿಪಿಎಲ್‌ಗೆ ಬರಲ್ಲ. ಬೂಟ್‌ಲೋಡರ್ ಲಾಕ್ ಆಗಿದ್ದರೆ ನೀವು ಕಂಪೈಲ್ ಮಾಡಿದ ಕರ್ನಲ್ ಅನ್ನು ಫೋನ್ ಒಪ್ಪಲ್ಲ. ಲಾಕ್ ತೆಗೆದರೆ ಫೋನಲ್ಲಿರೋ ಡೇಟಾ ಅಳಿಸಿಹೋಗುತ್ತೆ, ಕೆಲವು ಬ್ಯಾಂಕ್ ಆಪ್‌ಗಳು ಕೆಲಸ ನಿಲ್ಲಿಸಬಹುದು. ಯುಪಿಐ ಇರೋ ದಿನಬಳಕೆಯ ಫೋನಿನ ಮೇಲೆ ಈ ಪ್ರಯೋಗ ಬೇಡ.

ಹಾಗಾದ್ರೆ ಎಲ್ಲರೂ ಕಂಪೈಲ್ ಮಾಡಲೇಬೇಕಾ? ಇಲ್ಲ. ಎಲ್ಲರೂ ಆಡಿಟ್ ಮಾಡಲ್ಲ, ಆದರೂ ಲೆಕ್ಕದ ಪುಸ್ತಕ ತೆರೆದಿರಬೇಕು. ಒಂದು ಮಾಡೆಲ್‌ಗೆ ಸರಿಯಾದ ಕೋಡ್ ಸಿಕ್ಕಿದರೆ ಸಾಕು, ಕೆಲಸ ಗೊತ್ತಿರೋ ನಾಲ್ಕು ಜನ ಸೇರಿ ಉಳಿದ ಸಾವಿರಾರು ಫೋನ್‌ಗಳಿಗೆ ಹೊಸ ಆಂಡ್ರಾಯ್ಡ್ ತಯಾರಿಸಬಹುದು. ಲೀನಿಯೇಜ್‌ಓಎಸ್ ನಡೀತಿರೋದು ಹೀಗೇ.

ಮುಂದಿನ ಸಲ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ನೋಡೋ ಜೊತೆಗೆ ಇನ್ನೆರಡು ನೋಡಿ: ಆ ಕಂಪನಿ ಹಳೇ ಮಾಡೆಲ್‌ಗಳ ಕರ್ನಲ್ ಸೋರ್ಸ್ ಕೊಟ್ಟಿದೆಯಾ, ಬೂಟ್‌ಲೋಡರ್ ತೆರೆಯೋಕೆ ಬಿಡುತ್ತಾ. ಎರಡಕ್ಕೂ ಉತ್ತರ 'ಇಲ್ಲ' ಅಂತಾದರೆ, ಆ ಫೋನ್ ಎಷ್ಟು ವರ್ಷ ಬಾಳಬೇಕು ಅನ್ನೋದನ್ನು ನೀವಲ್ಲ, ಅವರು ತೀರ್ಮಾನಿಸ್ತಾರೆ.

ನೀವು ಮೇಲ್ ಹಾಕಿ ಸೋರ್ಸ್ ಕೇಳಿದರೆ ಏನು ಉತ್ತರ ಬಂತು ಅಂತ ನನಗೂ ತಿಳಿಸಿ. ಮುಂದಿನ ವಾರ ಸಿಗೋಣ.