ಹೊದಿಕೆಯ ಹಿಂಬದಿ ಓದಿದ್ದೀರಾ?

ಅಂಗಡಿಯಲ್ಲಿ ದುಡ್ಡು ಕೊಡುವ ಮೇಜಿನ ಪಕ್ಕ ಮೊದಲೆಲ್ಲ ಏನಿರುತ್ತಿತ್ತು, ನೆನಪಿದೆಯೆ? ಗಾಜಿನ ಭರಣಿಯಲ್ಲಿ ಪೆಪ್ಪರಮಿಂಟು, ಕಡಲೆಕಾಯಿ ಮಿಠಾಯಿ, ಎಳ್ಳುಂಡೆ. ಈಗ ಅಲ್ಲಿ ಬಣ್ಣಬಣ್ಣದ ಕಾಗದ ಸುತ್ತಿದ ಉದ್ದನೆಯ ಪಟ್ಟಿಗಳು ಬಂದು ಕುಳಿತಿವೆ. ಗ್ರಾನೋಲ ಬಾರ್ ಅಂತ ಹೆಸರು. ಓಟ್ಸು, ಬೀಜಗಳು, ಒಣಹಣ್ಣು ಇವನ್ನು ಪಾಕದಲ್ಲಿ ಕಲಸಿ ಒತ್ತಿ ಕತ್ತರಿಸಿದ್ದು. ಕಟುಂ ಎನ್ನದೆ ಮೆತ್ತಗೆ ಜಗಿಯಲು ಬರುತ್ತದೆ. ನಮ್ಮ ಪುಲಿಕೇಶಿನಗರದ ಅಂಗಡಿಗಳಲ್ಲಿ ಇದು ಯಾವಾಗಲೋ ಮಾಮೂಲಾಗಿದೆ. ನಿಮ್ಮೂರಿಗೂ ಬಂದಿರಬೇಕು, ಇಲ್ಲವೆ ಇಷ್ಟರಲ್ಲೇ ಬರುತ್ತದೆ. ಹಾಗಾಗಿ ನನಗೆ ಆದದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಸಂಜೆ ಕಾಫಿ ಜೊತೆ ಬಾಯಾಡಿಸಲು ಏನಾದರೂ ಬೇಕೇ ಬೇಕು. ಬಿಸ್ಕತ್ತು ಬೇಡ ಅಂದೆ, ಕೋಡುಬಳೆ ಬೇಡ ಅಂದೆ, ಮುಖ ಊದಿಸಿಕೊಂಡರು. ಆಗ ಕಣ್ಣಿಗೆ ಬಿತ್ತು ಒಂದು ಪಟ್ಟಿ, ಮೇಲೆ ದಪ್ಪಕ್ಷರದಲ್ಲಿ 'ಸಕ್ಕರೆ 30% ಕಡಿಮೆ' ಎಂದು. ಹೆಸರು ಬೇಡ. ಸದ್ಯ, ಉಪಾಯ ಸಿಕ್ಕಿತು ಅಂತ ಡಬ್ಬಿಗಟ್ಟಲೆ ತಂದಿಟ್ಟೆ. ಒಂದು ಕೊಟ್ಟರೆ ಎರಡು ತಿನ್ನುತ್ತಿದ್ದರು. 'ಸಕ್ಕರೆ ಕಡಿಮೆಯೇ ಅಲ್ವೇನೇ' ಎಂಬ ಸಮಾಧಾನ ಬೇರೆ. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಸರಾಸರಿ 7.1 ಇದ್ದದ್ದು 7.8 ಆಗಿತ್ತು! ಪಟ್ಟಿಯೊಂದೇ ಕಾರಣ ಎಂದು ನಾನು ಹೇಳಲಾರೆ, ಆ ತಿಂಗಳುಗಳಲ್ಲಿ ಎರಡು ಮದುವೆ ಊಟವೂ ಆಗಿತ್ತು. ಆದರೆ ಡಾಕ್ಟರು ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿ, ಆ ಕಾಗದ ತನ್ನಿ ನೋಡೋಣ ಎಂದಾಗ ನನಗೆ ನಾಚಿಕೆಯಾಯಿತು. ಅಷ್ಟು ದಿನ ಒಮ್ಮೆಯೂ ಅದರ ಹಿಂಬದಿ ನೋಡಿರಲಿಲ್ಲ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದು ಕುಳಿತೆ. ನೀವೂ ಕುಳಿತುಕೊಳ್ಳಿ, ಇದೇನು ಬ್ರಹ್ಮವಿದ್ಯೆಯಲ್ಲ.

ಕಾಗದದಲ್ಲಿ 100 ಗ್ರಾಮಿನ ಲೆಕ್ಕ ಕೊಟ್ಟಿದ್ದರು: 400 ಕ್ಯಾಲೊರಿ, ಪ್ರೋಟೀನು 8 ಗ್ರಾಂ, ಶರ್ಕರಪಿಷ್ಟ 64 ಗ್ರಾಂ, ಅದರಲ್ಲಿ ಒಟ್ಟು ಸಕ್ಕರೆ 20 ಗ್ರಾಂ, ಕೊಬ್ಬು ಸುಮಾರು 12 ಗ್ರಾಂ, ನಾರು 6 ಗ್ರಾಂ. ಪಟ್ಟಿಯ ತೂಕವೋ 35 ಗ್ರಾಂ. ಅಂದರೆ ಒಂದು ಪಟ್ಟಿಗೆ 140 ಕ್ಯಾಲೊರಿ, ಪ್ರೋಟೀನು ಮೂರು ಗ್ರಾಮೂ ಇಲ್ಲ, ಸಕ್ಕರೆ 7 ಗ್ರಾಂ. ಮಟ್ಟಸವಾಗಿ ಒಂದು ಟೀ ಚಮಚ ಸಕ್ಕರೆ 4-5 ಗ್ರಾಂ ತೂಗುತ್ತದೆ. 30% ಕಡಿಮೆ ಮಾಡಿ 7 ಗ್ರಾಂ ಎಂದರೆ ಮೊದಲು 10 ಗ್ರಾಂ ಇತ್ತೆಂದಾಯಿತು. ಉಳಿದದ್ದು 3 ಗ್ರಾಂ, ಒಂದು ಚಮಚೆಯೂ ಅಲ್ಲ! ಎರಡು ಪಟ್ಟಿ ತಿಂದಾಗ ಆ ಉಳಿತಾಯ ಎಲ್ಲಿಗೆ ಹೋಯಿತು, ನೀವೇ ಹೇಳಿ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಯವರು 'ಸಕ್ಕರೆ' ಎಂಬ ಸಾಲೊಂದನ್ನೇ ನೋಡಿದರೆ ಸಾಲದು, ಶರ್ಕರಪಿಷ್ಟದ ಸಾಲನ್ನೂ ನೋಡಬೇಕು. ಓಟ್ಸಿನ ಹಿಟ್ಟೂ ಹೊಟ್ಟೆಯಲ್ಲಿ ಕೊನೆಗೆ ಸಕ್ಕರೆಯೇ ಆಗುವುದು. ಈ ಪಟ್ಟಿಯಲ್ಲಿ ಅದು 22 ಗ್ರಾಂ, ಹೆಚ್ಚು ಕಡಿಮೆ ಒಂದು ಚಪಾತಿಯಷ್ಟು. ಯಜಮಾನರು ಸಂಜೆ ಕಾಫಿ ಜೊತೆಗೆ ದಿನಾ ಎರಡು ಚಪಾತಿ ತಿಂದ ಹಾಗಾಯಿತು, ಅದೂ ಪಲ್ಯವಿಲ್ಲದೆ.

ಇನ್ನು ಸಾಮಾನಿನ ಪಟ್ಟಿ. ಯಾವುದು ಹೆಚ್ಚು ತೂಕವಿದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಇಲ್ಲೊಂದು ಚಮತ್ಕಾರವಿದೆ. ಸಕ್ಕರೆ, ದ್ರವ ಗ್ಲೂಕೋಸು, ಜೇನುತುಪ್ಪ, ಬೆಲ್ಲ ಎಂದು ಸ್ವಲ್ಪ ಸ್ವಲ್ಪ ಹಾಕಿದರೆ ಒಂದೊಂದೂ ಕೆಳಗೆ ಹೋಗಿ ಕೂರುತ್ತದೆ, ಓಟ್ಸು ಮೇಲೆ ಬರುತ್ತದೆ. ಎಲ್ಲವನ್ನೂ ಕೂಡಿಸಿ ನೋಡಿ. ಜೇನು, ಬೆಲ್ಲ ಎಂದರೆ ನಮ್ಮ ಹೆಂಗಸರಿಗೆ ಏನೋ ಭರವಸೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಸೂಚನೆಯಲ್ಲಿ ಜೇನಿನ ಸಿಹಿಯನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದ್ದಾರೆ. ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹೆಸರು ಕಂಡರೆ ಇನ್ನೂ ಎಚ್ಚರ. ಅದು ಪಿಷ್ಟದಿಂದ ಮಾಡಿದ ಪುಡಿ. ಸಕ್ಕರೆಯ ಸಾಲಿನಲ್ಲಿ ಬಹುಮಟ್ಟಿಗೆ ಕಾಣಿಸುವುದಿಲ್ಲ, ರಕ್ತಕ್ಕೆ ಮಾತ್ರ ಬೇಗ ಏರುತ್ತದೆ. ಮಾಲ್ಟಿಟಾಲ್ ಎಂಬುದು ಇನ್ನೊಂದು, ಸಕ್ಕರೆಯ ಅರ್ಧದಷ್ಟು ಕ್ಯಾಲೊರಿ ಇರುವ ಸಿಹಿ. ಹೆಚ್ಚು ತಿಂದರೆ ಹೊಟ್ಟೆ ಗುಡುಗುಡು ಎಂದು ಭೇದಿಯೂ ಆಗಬಹುದು.

ಅಷ್ಟೆಲ್ಲ ಯಾಕೆ ಹಾಕುತ್ತಾರೆ, ಸಕ್ಕರೆಯನ್ನು ಸುಮ್ಮನೆ ಅರ್ಧ ಮಾಡಬಾರದೆ? ಪಾಕ ಹಿಡಿದ ಕೈಗೆ ಇದರ ಉತ್ತರ ಗೊತ್ತು. ಸಕ್ಕರೆ ಬರೀ ಸಿಹಿಗಲ್ಲ, ಹಿಡಿತಕ್ಕೆ. ಬೆಲ್ಲದ ಪಾಕ ನೀರಿಗೆ ಬಿಟ್ಟಾಗ ಮೆತ್ತನೆಯ ಉಂಡೆಯಾದರೆ ಜಗಿಯುವ ಹದ. ಟಣ್ ಎಂದು ಸದ್ದು ಬಂದರೆ ಕಡಲೆಕಾಯಿ ಮಿಠಾಯಿಯ ಹದ. ಆ ಪಾಕವೇ ತೇವವನ್ನು ಹಿಡಿದಿಟ್ಟುಕೊಂಡು ಪಟ್ಟಿ ಒಣಗದಂತೆ ನೋಡಿಕೊಳ್ಳುತ್ತದೆ, ಬೂಷ್ಟು ಬರಲೂ ಬಿಡುವುದಿಲ್ಲ. ಅದನ್ನು ಕಡಿಮೆ ಮಾಡಿದಿರೋ, ಪಟ್ಟಿ ಪುಡಿಪುಡಿ, ಇಲ್ಲವೆ ಇಟ್ಟಿಗೆ. ಅದಕ್ಕೇ ಕಾರ್ಖಾನೆಯವರು ಗ್ಲಿಸರಿನ್ನು, ಚಿಕೋರಿ ಬೇರಿನ ನಾರು ಮುಂತಾದ್ದನ್ನು ಸೇರಿಸುವುದು. ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ! ನಾರು ಒಳ್ಳೆಯದೇ, ಅದನ್ನು ದೂರಬೇಕಾಗಿಲ್ಲ.

ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ತಿಳಿದಿರಲಿ. 'ಕಡಿಮೆ ಸಕ್ಕರೆಯ ಪದಾರ್ಥ' ಎನ್ನಬೇಕಾದರೆ ಗಟ್ಟಿ ತಿಂಡಿಯ 100 ಗ್ರಾಮಿನಲ್ಲಿ ಸಕ್ಕರೆ 5 ಗ್ರಾಂ ಮೀರಬಾರದು. 'ಇಷ್ಟು ಶೇಕಡಾ ಕಡಿಮೆ ಮಾಡಿದ್ದೇವೆ' ಎನ್ನುವುದು ಬೇರೆಯೇ ಮಾತು; ಹೋಲಿಸಿದ ಪದಾರ್ಥಕ್ಕಿಂತ ಕಾಲುಭಾಗವಾದರೂ ಕಡಿಮೆಯಿದ್ದರೆ ಹಾಗೆ ಬರೆಯಬಹುದು. ನಾನು ತಂದದ್ದರಲ್ಲಿ 20 ಗ್ರಾಂ ಇದ್ದರೂ ಕಾನೂನಿನ ಪ್ರಕಾರ ಸುಳ್ಳೇನೂ ಇರಲಿಲ್ಲ. ಮೋಸ ಹೋದದ್ದು ನನ್ನ ಓದು.

ಹಾಗೆಂದು ಈ ಪಟ್ಟಿಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಪ್ರಯಾಣದಲ್ಲಿ, ಮಧ್ಯಾಹ್ನ ಊಟ ತಪ್ಪಿದಾಗ ಕರಿದ ತಿಂಡಿಗಿಂತ ಎಷ್ಟೋ ವಾಸಿ. ಇದರಲ್ಲಿ ನಮ್ಮ ಬೆಂಗಳೂರಿನವರೇ ಮುಂದಿದ್ದಾರೆ. ಯೋಗ ಬಾರ್ ಎಂಬುದನ್ನು ಇಲ್ಲಿಯ ಅಕ್ಕತಂಗಿಯರು 2014ರಲ್ಲಿ ಶುರು ಮಾಡಿದರು, 2023ರಲ್ಲಿ ಐಟಿಸಿಯಂಥ ಕಂಪನಿ ಅದರಲ್ಲಿ ಪಾಲು ಕೊಂಡಿತು. ಹೆಂಗಸರು ಇಷ್ಟು ಮಾಡಿದರೆಂದು ಓದಿ ನನಗೆ ಹೆಮ್ಮೆಯೇ ಆಯಿತು. ರಾಗಿ ತಿಂಡಿಗಳ ಸೋಲ್‌ಫುಲ್ ಕೂಡ ಇಲ್ಲಿನದೇ. 2021ರಲ್ಲಿ ಟಾಟಾದವರು ಕೊಂಡರು. ರಾಗಿಯಲ್ಲಿ 100 ಗ್ರಾಮಿಗೆ 340 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ, ಎಳ್ಳಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಇವನ್ನು ಹಾಕಿದ ಪಟ್ಟಿಗೆ ಬೆಲೆಯುಂಟು. ಆದರೆ ಎಷ್ಟು ಹಾಕಿದ್ದಾರೆ ಎಂಬ ಶೇಕಡಾ ಅಂಕೆಯನ್ನೂ ನೋಡಿ.

ನಾನೀಗ ಮನೆಯಲ್ಲೇ ಮಾಡುತ್ತೇನೆ. ಮೊದಲ ಸಲ ಉದುರುದುರಾಯಿತು, ಚಮಚೆಯಲ್ಲಿ ತಿಂದೆವು. ಆಮೇಲೆ ಪಕ್ಕದ ಮನೆಯ ಬೀಬಿಯವರು ಒಂದು ಗುಟ್ಟು ಹೇಳಿಕೊಟ್ಟರು. ರಂಜಾನಿನಲ್ಲಿ ಮಸೀದಿ ರಸ್ತೆಯಿಂದ ತರುವ ಮೆತ್ತನೆಯ ಖರ್ಜೂರವನ್ನು ಹಬೆಯಲ್ಲಿ ಐದು ನಿಮಿಷ ಇಟ್ಟು ಅರೆದರೆ ಅದೇ ಅಂಟು, ಪಾಕ ಅಷ್ಟೊಂದು ಬೇಡ ಅಂತ.

100 ಗ್ರಾಂ ಓಟ್ಸನ್ನು ಘಮ್ಮೆನ್ನುವ ತನಕ ಹುರಿಯಿರಿ. 60 ಗ್ರಾಂ ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆದು ಒಂದೆರಡು ಹೋಳಾಗುವಂತೆ ಕುಟ್ಟಿ. 20 ಗ್ರಾಂ ಎಳ್ಳು ಚಿಟಪಟ ಎನ್ನಿಸಿ. 80 ಗ್ರಾಂ ಬೀಜ ತೆಗೆದ ಖರ್ಜೂರ ಅರೆದಿಡಿ. 40 ಗ್ರಾಂ ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ, ಕರಗಿಸಿ ಸೋಸಿ, ಮೆತ್ತನೆಯ ಉಂಡೆ ಪಾಕ ಬಂದೊಡನೆ ಖರ್ಜೂರ, ಒಂದು ಚಮಚ ತುಪ್ಪ, ಚಿಟಿಕೆ ಉಪ್ಪು, ಏಲಕ್ಕಿ ಸೇರಿಸಿ ಇಳಿಸಿ. ಉಳಿದದ್ದನ್ನೆಲ್ಲ ಬಿಸಿಯಿರುವಾಗಲೇ ಕಲಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ಬಲವಾಗಿ ಒತ್ತಿ. ಈ ಒತ್ತುವುದರಲ್ಲೇ ಇರುವುದು. ತಣಿದ ಮೇಲೆ ಹತ್ತು ಭಾಗ ಮಾಡಿ.

ಒಂದು ತುಂಡಿಗೆ ಸುಮಾರು 120 ಕ್ಯಾಲೊರಿ, ಪ್ರೋಟೀನು 3 ಗ್ರಾಮಿಗೆ ಸ್ವಲ್ಪ ಮೇಲೆ. ಬೆಲ್ಲದ್ದು 4, ಖರ್ಜೂರದ್ದು 5, ಸೇರಿ ಸಿಹಿ 9 ಗ್ರಾಂ. ಹೌದು, ಅಂಗಡಿಯದಕ್ಕಿಂತ ಹೆಚ್ಚೇ! ಸಮಭಾಗ ಬೆಲ್ಲ ಹಾಕಿದ ಕಡಲೆಕಾಯಿ ಮಿಠಾಯಿಯ ಇಷ್ಟೇ ದೊಡ್ಡ ತುಂಡಿನಲ್ಲಾದರೆ 15 ಗ್ರಾಂ ಬೆಲ್ಲವಿರುತ್ತದೆ. ಆದ್ದರಿಂದ ಮಕ್ಕಳ ಡಬ್ಬಿಗೆ ಧಾರಾಳವಾಗಿ ಕೊಡಿ. ನಮ್ಮ ಯಜಮಾನರಿಗೆ ಅರ್ಧ ತುಂಡು, ವಾರಕ್ಕೆ ಎರಡು ಸಲ, ಡಾಕ್ಟರನ್ನು ಕೇಳಿಯೇ ಗೊತ್ತು ಮಾಡಿದ್ದು. ಮಿಕ್ಕ ದಿನ ಹುರಿದ ಕಡಲೆ. ಡಬ್ಬಿಯನ್ನು ಮೇಲಿನ ಗೂಡಿನಲ್ಲಿಟ್ಟಿದ್ದೇನೆ. ಬಿಗಿ ಮುಚ್ಚಳವಿದ್ದರೆ ವಾರವಿಡೀ ಕೆಡುವುದಿಲ್ಲ, ಮಳೆಗಾಲದಲ್ಲಿ ಮಾತ್ರ ನಾಲ್ಕು ದಿನದೊಳಗೆ ಮುಗಿಸಿ.